ಧ್ರುವದ ಎರಡಂತಸ್ತಿನ ಮೋಡ: ಮೇಲಿನದು ಕೆಳಗಿನದನ್ನ ಕಾಯುತ್ತಾ, ಕೊಲ್ಲುತ್ತಾ?

#1 ಮಂಜುಹನಿ

ಒಂದು ಕೇಸು ಮುಂದಿಡ್ತೀನಿ, ಎಲ್ಲಿ ತಪ್ಪಿದೆ ಹೇಳಿ.

ಆರ್ಕ್‌ಟಿಕ್, ಚಳಿಗಾಲ, ಬಿಸಿಲಿಲ್ಲ. ಕೆಳಮೋಡದ ತಳ 500 ಮೀಟರ್, ನೆತ್ತಿ 900 ಮೀಟರ್, ನೆತ್ತಿಯಲ್ಲಿ −15 ಡಿಗ್ರಿ. ದ್ರವ ನೀರು ಚದರ ಮೀಟರಿಗೆ 50 ಗ್ರಾಂ. ಮೇಲ್ಮೋಡ 2300ರಿಂದ 2500 ಮೀಟರ್, ಅದರ ತಳದಲ್ಲಿ −25. ಎರಡರಲ್ಲೂ ಸೂಪರ್‌ಕೂಲ್ಡ್ ನೀರಿದೆ (ಸೊನ್ನೆಗಿಂತ ಕೆಳಗಿದ್ರೂ ಹೆಪ್ಪುಗಟ್ಟದ್ದು), ಎರಡರಿಂದಲೂ ಹಿಮ ಉದುರ್ತಿದೆ. ನಡುವೆ 1400 ಮೀಟರ್ ಖಾಲಿ. ಆ ಖಾಲಿಯ ಮಧ್ಯದಲ್ಲಿ −20 ಡಿಗ್ರಿ, ಬಲೂನು ತೋರಿಸೋ ಸಾಪೇಕ್ಷ ಆರ್ದ್ರತೆ 78%.

ಎಲ್‌ಇಎಸ್‌ನಲ್ಲಿ (ಗಾಳಿಯ ದೊಡ್ಡ ಸುಳಿಗಳನ್ನ ಬಿಡಿಸಿ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲು) ಕೆಳಮೋಡ ಒಂದನ್ನೇ ಓಡಿಸಿದ್ರೆ 12 ಗಂಟೆ ಅಲ್ಲಾಡದೆ ನಿಲ್ಲುತ್ತೆ. ಡೊಮೈನಿನ (ಮಾಡೆಲು ಲೆಕ್ಕ ಹಾಕೋ ಗಾಳಿಯ ಪೆಟ್ಟಿಗೆ) ಮೇಲಂಚಿನಿಂದ ಲೀಟರಿಗೆ 1 ಹರಳು, 300 ಮೈಕ್ರಾನ್ ಅಳತೆಯದು, ಬಿಡ್ತಾ ಹೋದ್ರೆ 5–6 ಗಂಟೆಯಲ್ಲಿ ದ್ರವ ಪೂರ್ತಿ ಮಾಯ. ಆದರೆ ವೀಕ್ಷಣೆಗಳಲ್ಲಿ ಇಂಥ ಜೋಡಿ ಮೋಡ ಅರ್ಧ ದಿನ, ಒಂದು ದಿನ ಜೊತೆಗೇ ಇರೋದು ಸಾಮಾನ್ಯ. 78% ಅಂದ್ರೆ ಒಣಗಾಳಿ ತಾನೆ? ಹರಳು ಕೆಳಗೆ ಮುಟ್ಟೋದೇ ಇಲ್ಲ, ಮೇಲ್ಮೋಡ ಲೆಕ್ಕಕ್ಕೇ ಇಲ್ಲ ಅಂತ ಬಿಟ್ಟುಬಿಡಬಹುದಾ?

#2 ಬಲೂನ್‌ಬಾಬು

78% ಒಣ ಅಲ್ಲ ಸ್ವಾಮಿ. ಅದು ನೀರಿನ ಲೆಕ್ಕದ 78. ಹಿಮದ ಲೆಕ್ಕಕ್ಕೆ ತಿರುಗಿಸಿ ನೋಡಿ.

#3 ಮಂಜುಹನಿ

ತಿರುಗಿಸಿದ್ರೆ ಅಷ್ಟೊಂದು ವ್ಯತ್ಯಾಸ ಬರುತ್ತಾ?

#4 ಬಲೂನ್‌ಬಾಬು

ಬರುತ್ತೆ. ರೇಡಿಯೋಸಾಂಡ್ (ಬಲೂನಿಗೆ ಕಟ್ಟಿ ಬಿಡೋ ಅಳತೆಪೆಟ್ಟಿಗೆ) ಎಷ್ಟೇ ಚಳಿಯಿದ್ರೂ ಆರ್ದ್ರತೆಯನ್ನ ದ್ರವ ನೀರಿಗೆ ಹೋಲಿಸಿಯೇ ಕೊಡುತ್ತೆ. −20ರಲ್ಲಿ ನೀರಿನ ಮೇಲಿನ ಸಂತೃಪ್ತ ಆವಿ ಒತ್ತಡ ಸುಮಾರು 125 ಪಾಸ್ಕಲ್, ಹಿಮದ ಮೇಲೆ 103. ಅನುಪಾತ 1.21. ನಿಮ್ಮ 78 ಹಿಮದ ಲೆಕ್ಕದಲ್ಲಿ 95 ಆಯ್ತು.

ಹಿಮ ಸಂತೃಪ್ತಿಯ ಗೆರೆ ಬಲೂನಿನ ಓದಿನಲ್ಲಿ −10ಕ್ಕೆ 91%, −15ಕ್ಕೆ 86%, −20ಕ್ಕೆ 82%, −25ಕ್ಕೆ 78%. ಈ ನಾಲ್ಕು ಸಂಖ್ಯೆ ಗೋಡೆಗೆ ಅಂಟಿಸಿಕೊಳ್ಳಿ. ನಿಮ್ಮ ಖಾಲಿ ಜಾಗದ ಮೇಲ್ತುದಿಯಲ್ಲೂ ಅದೇ 78 ಇದ್ರೆ ಅಲ್ಲಿ ಹರಳು ಆವಿಯಾಗಿ ಕರಗೋದೇ ಇಲ್ಲ, ಹೆಚ್ಚುಕಮ್ಮಿ ಸಂತೃಪ್ತ. ಕೆಳತುದಿಯಲ್ಲಿ ಅದೇ 78 ಅಂದ್ರೆ ಹಿಮದ ಲೆಕ್ಕಕ್ಕೆ 90. ಒಂದೇ ಓದು, ಮೇಲೆ ಒಂದು ಅರ್ಥ, ಕೆಳಗೆ ಇನ್ನೊಂದು.

ಇನ್ನೊಂದು ಎಚ್ಚರಿಕೆ. ಬಲೂನು ಕೆಳಮೋಡ ದಾಟಿ ಮೇಲೆ ಬರೋವಾಗ ಸೆನ್ಸರ್ ಮೇಲೆ ಹನಿ ಹೆಪ್ಪುಗಟ್ಟಿರುತ್ತೆ. ಬಿಸಿ ಮಾಡುವ ಸೆನ್ಸರ್ ಇರೋ ಸಾಂಡ್‌ಗಳಲ್ಲಿ ತೊಂದರೆ ಕಮ್ಮಿ, ಆದ್ರೂ ಮೋಡದ ನೆತ್ತಿ ದಾಟಿದ ಮೊದಲ ಸ್ವಲ್ಪ ದೂರ ಗಾಳಿ ಇರೋದಕ್ಕಿಂತ ತೇವವಾಗಿ ಕಾಣಬಹುದು. ಆ ಭಾಗದ ಓದನ್ನ ಕಣ್ಮುಚ್ಚಿ ನಂಬಬೇಡಿ.

#5 ಹರಳುಲೆಕ್ಕ

ಸರಿ, 95% ಇಟ್ಟುಕೊಂಡು ಹರಳು ಬದುಕುತ್ತಾ ನೋಡೋಣ. ಬೀಳೋ ವೇಗ ಸೆಕೆಂಡಿಗೆ 0.5 ಮೀಟರ್ ಅಂದ್ರೆ 1400 ಮೀಟರ್ ದಾಟೋಕೆ 2800 ಸೆಕೆಂಡ್, ಅಂದಾಜು 47 ನಿಮಿಷ.

ಗಟ್ಟಿ ಗುಂಡು ಹರಳು ಅಂತ ಹಿಡಿದು −20ರಲ್ಲಿ ಉತ್ಪತನದ (ಹಿಮ ನೇರ ಆವಿಯಾಗೋದು) ಲೆಕ್ಕ ಹಾಕಿದ್ರೆ, 100 ಮೈಕ್ರಾನ್ ವ್ಯಾಸದ್ದು 23 ನಿಮಿಷದಲ್ಲಿ ಮುಗೀತು. ಅದು ಬೀಳೋದೂ ನಿಧಾನ, ಹಾಗಾಗಿ ಅರ್ಧ ದಾರಿಯೂ ದಾಟಲ್ಲ. 200 ಮೈಕ್ರಾನಿನದಕ್ಕೆ ಒಂದೂವರೆ ಗಂಟೆ ಆಯುಸ್ಸು, ಕೆಳಗೆ ಮುಟ್ಟುತ್ತೆ. ನೀವು ಬಿಟ್ಟ 300 ಮೈಕ್ರಾನಿನದು ತೂಕದ ಮೂರನೇ ಒಂದು ಭಾಗ ಕಳಕೊಂಡು ಆರಾಮಾಗಿ ಇಳಿಯುತ್ತೆ.

ಅದೇ ಗಾಳಿ ಹಿಮದ ಲೆಕ್ಕದಲ್ಲಿ 80% ಆಗಿದ್ದಿದ್ರೆ ಎಲ್ಲ ಆಯುಸ್ಸೂ ಕಾಲುಭಾಗ. ಆಗ 200 ಮೈಕ್ರಾನಿನದಕ್ಕೂ 23 ನಿಮಿಷ, ಅದೂ ಔಟ್. ಅಂದ್ರೆ ಆರ್ದ್ರತೆ ಓದಿನಲ್ಲಿ 10–12 ಅಂಕ ಆಚೀಚೆಯಾದ್ರೆ ಉತ್ತರವೇ ತಿರುಗಿಬೀಳುತ್ತೆ. ಅದಕ್ಕೇ #4ರ ಕೊನೇ ಪ್ಯಾರಾ ಎರಡು ಸಲ ಓದಿ.

#6 ಗಾಳಿಪಟ

ಗುಂಡು ಹರಳು ಎಲ್ಲಿಂದ ಬಂತು ಮಾರಾಯ್ರೆ? ಧ್ರುವದಲ್ಲಿ ಪುಟಾಣಿ ಗೋಲಿ ಉದುರುತ್ತಾ? ತಟ್ಟೆಯೋ, ಚುಕ್ಕಿ ಹೂವೋ, ಕಡ್ಡಿ ಗೊಂಚಲೋ ಇರುತ್ತೆ. ಅದೇ ತೂಕಕ್ಕೆ ಮೈ ದೊಡ್ಡದು, ಬೀಳೋದು ನಿಧಾನ, ಕರಗೋದು ಬೇಗ. ನಿಮ್ಮ ಆಯುಸ್ಸೆಲ್ಲ ಉದಾರವಾಗಿ ಕೊಟ್ಟದ್ದು.

#7 ಹರಳುಲೆಕ್ಕ

@ಗಾಳಿಪಟ ಒಪ್ಪಿದೆ, ಗುಂಡು ಅನ್ನೋದು ಮೇಲ್ಮಿತಿ. ಆದ್ರೆ ಎರಡು ಕಡೆಗೂ ಎಳೆಯುತ್ತೆ ನೋಡಿ. ಹೂವಿನಾಕಾರದವು ಒಂದಕ್ಕೊಂದು ಸಿಕ್ಕಿಕೊಂಡು ಗೊಂಚಲಾದ್ರೆ ವೇಗ 1 ಮೀಟರಿಗೆ ಏರುತ್ತೆ, ಬದುಕೋ ಸಾಧ್ಯತೆಯೂ ಏರುತ್ತೆ. ಸಂಖ್ಯೆ ಮಾತ್ರ ಇಳಿಯುತ್ತೆ. ಕೆಳಮೋಡಕ್ಕೆ ಮುಖ್ಯ ಆಗೋದು ಎಷ್ಟು ಗ್ರಾಂ ಬಂತು ಅನ್ನೋದಲ್ಲ, ಎಷ್ಟು ಹರಳು ಬಂತು ಅನ್ನೋದು.

#8 ಕೊನೆಬೆಂಚು

ಹರಳು ಬಂದ್ರೆ ಕೆಳಮೋಡಕ್ಕೆ ಯಾಕೆ ಕಂಟಕ? ಅಲ್ಲೂ ಹಿಮ ಇದೆಯಲ್ಲ ಆಗಲೇ.

#9 ಹರಳುಲೆಕ್ಕ

−15ರಲ್ಲಿ ಗಾಳಿ ಹನಿಯ ಪಾಲಿಗೆ ಕರೆಕ್ಟಾಗಿ ಸಂತೃಪ್ತ ಆಗಿದ್ರೆ ಹರಳಿನ ಪಾಲಿಗೆ ಅದು 16% ಹೆಚ್ಚು. ಹರಳು ಆವಿ ಹೀರಿ ಬೆಳೀತಾ ಹೋಗುತ್ತೆ, ಗಾಳಿ ಒಣಗುತ್ತೆ, ಹನಿ ಆರಿ ಆ ಕೊರತೆ ತುಂಬುತ್ತೆ. ವೆಗೆನರ್ 1911ರಲ್ಲಿ ಸೂಚಿಸಿದ್ದು, ಬರ್ಗೆರಾನ್ ಮತ್ತು ಫಿಂಡೈಸನ್ 1930ರ ದಶಕದಲ್ಲಿ ಬೆಳೆಸಿದ್ದು. ಕೆಳಮೋಡದಲ್ಲಿ ಸ್ವಂತ ಹಿಮ ಇದೆ ನಿಜ, ಆದರೆ ಹಿಮಬೀಜ ಕಣ (ಹರಳು ಹುಟ್ಟೋಕೆ ಆಸರೆಯಾಗೋ ಧೂಳಿನಂಥದ್ದು) ಅಲ್ಲಿ ವಿರಳ, ಅದಕ್ಕೇ ಅದು ಬದುಕಿರೋದು. ಮೇಲಿಂದ ಬರೋ ಹರಳಿಗೆ ಬೀಜ ಬೇಕಾಗಿಲ್ಲ, ಅದು ಹುಟ್ಟಿಯೇ ಬಂದಿರುತ್ತೆ.

#10 ಸುಮ್ನೆ_ಓದ್ತೀನಿ

ವೆಗೆನರ್ ಅಂದ್ರೆ ಖಂಡಗಳು ಜಾರುತ್ತವೆ ಅಂದವರಾ?

#11 ಗಾಳಿಪಟ

ಅವರೇ. 1930ರ ನವೆಂಬರಿನಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಮೇಲೇ ತೀರಿಕೊಂಡರು. ಮೂಲತಃ ಹವಾಮಾನದ ಮನುಷ್ಯ. ಖಂಡ ಜಾರಿದ್ದು ಆಮೇಲೆ.

#12 ಅವಗೆಂಪು

ಎಲ್ಲರೂ ಹರಳಿನ ಹಿಂದೇ ಓಡ್ತಿದ್ದೀರಿ. ಅರ್ಧ ಕಥೆ ವಿಕಿರಣದಲ್ಲಿದೆ. @ಮಂಜುಹನಿ ನಿಮ್ಮ ಡೊಮೈನ್ ಎತ್ತರ ಎಷ್ಟು? ಅದರ ಮೇಲೆ ವಿಕಿರಣದ ಕೋಡಿಗೆ ಏನು ಕೊಟ್ಟಿದ್ದೀರಿ?

#13 ಮಂಜುಹನಿ

1600 ಮೀಟರ್. ಮೇಲೆ ಬಲೂನಿನ ತಾಪ, ಆವಿ ಎರಡನ್ನೂ ಅಂಟಿಸಿದೀನಿ. ಮೋಡದ ನೀರು ಕೊಟ್ಟಿಲ್ಲ.

#14 ಅವಗೆಂಪು

ಸಿಕ್ಕಿತು ನೋಡಿ. ನಿಮ್ಮ ಕೆಳಮೋಡಕ್ಕೆ ಮೇಲಿಂದ ಹರಳು ಬೀಳ್ತಿದೆ, ಆದರೆ ತಲೆಯೆತ್ತಿ ನೋಡಿದ್ರೆ ಆಕಾಶ ಶುಭ್ರ! ಹರಳು ಸುರಿಸೋ ಮೋಡ ವಿಕಿರಣಕ್ಕೆ ಮಾತ್ರ ಕಾಣ್ತಿಲ್ಲ.

ಈ ಕೆಳಮೋಡಗಳನ್ನ ಬದುಕಿಸೋದು ನೆತ್ತಿಯ ತಂಪಾಗುವಿಕೆ. ನೆತ್ತಿಯ ಕೆಲವು ಹತ್ತು ಮೀಟರ್ ಪದರ ಮೇಲಕ್ಕೆ ಶಾಖ ಸೂಸಿ ತಣ್ಣಗಾಗುತ್ತೆ, ಭಾರವಾದ ಗಾಳಿ ಕುಸಿಯುತ್ತೆ, ಅದರ ಬದಲಿಗೆ ಕೆಳಗಿನದು ಏರುತ್ತೆ, ಏರಿದ್ದು ಹನಿಯಾಗುತ್ತೆ. ಪಾತ್ರೆ ಕೆಳಗೆ ಒಲೆ ಇಟ್ಟು ಕುದಿಸೋ ಬದಲು ಮುಚ್ಚಳ ತಣ್ಣಗೆ ಮಾಡಿ ಕುದಿಸಿದ ಹಾಗೆ.

ಈಗ ಅಂಕಿ. −15ರ ನೆತ್ತಿ ಮೇಲಕ್ಕೆ ಸೂಸೋದು ಚದರ ಮೀಟರಿಗೆ 252 ವ್ಯಾಟ್. ಶುಭ್ರ ಆಕಾಶದಿಂದ ವಾಪಸ್ ಬರೋದು 160 ಅಂತ ಹಿಡಿಯಿರಿ, ನಿವ್ವಳ ನಷ್ಟ 90ರ ಆಸುಪಾಸು. ಮೇಲೆ −25ರ ತಳವಿರೋ ಅಪಾರದರ್ಶಕ ಮೋಡ ಬಂದ್ರೆ ಅದೇ 215 ವ್ಯಾಟ್ ಕೆಳಗೆ ಸೂಸುತ್ತೆ. ನಷ್ಟ 37ಕ್ಕೆ ಇಳೀತು. ಅರ್ಧಕ್ಕಿಂತ ಕಮ್ಮಿ.

ಇದನ್ನ ಮಾಡೋಕೆ ಮೇಲ್ಮೋಡ ದಪ್ಪ ಇರಬೇಕಾಗಿಲ್ಲ. ದ್ರವ 10 ಗ್ರಾಂ ಇದ್ರೂ ಸೂಸುವ ಸಾಮರ್ಥ್ಯ 0.78ರ ಹತ್ತಿರ, 20 ಗ್ರಾಮಿಗೆ 0.95, 30ಕ್ಕೆ ಬಹುತೇಕ ಪೂರ್ತಿ ಕಪ್ಪುಕಾಯ. ತೆಳು ದುಪ್ಪಟ್ಟಿ, ಕಂಬಳಿಯ ಕೆಲಸ.

#15 ಮಂಜುಹನಿ

ಓಹೋ! ಹಾಗಾದ್ರೆ ಮೇಲ್ಮೋಡದ ನೀರು ವಿಕಿರಣಕ್ಕೆ ಕೊಟ್ಟುಬಿಟ್ರೆ ಕೆಳಮೋಡ ಉಳಿಯುತ್ತೆ ಅಂತ ತಾನೆ?

#16 ಅವಗೆಂಪು

ಉಲ್ಟಾ. ಇನ್ನೂ ಬೇಗ ಸಾಯುತ್ತೆ.

#17 ಕೊನೆಬೆಂಚು

😂

#18 ಹರಳುಲೆಕ್ಕ

ಅವರು ಹೇಳ್ತಿರೋದು ಸರಿ. ಆದಾಯ–ಖರ್ಚು ಬರೆದು ನೋಡೋಣ.

ಆದಾಯ: ತಂಪಾದ ಶಕ್ತಿಯೆಲ್ಲ ಹನಿ ಕಟ್ಟೋಕೆ ಹೋಗಲ್ಲ. ಒಂದು ಪಾಲು ಗಾಳಿಯ ತಾಪ ಇಳಿಸೋಕೆ, ಉಳಿದದ್ದು ಸಾಂದ್ರೀಕರಣಕ್ಕೆ. −15 ಡಿಗ್ರಿ, 900 ಹೆಕ್ಟೋಪಾಸ್ಕಲ್‌ನಲ್ಲಿ ಸಾಂದ್ರೀಕರಣದ ಪಾಲು ಬರೀ 21%. ಹಾಗಾಗಿ 90 ವ್ಯಾಟಿಗೆ ಗಂಟೆಗೆ ಚದರ ಮೀಟರಿಗೆ 27 ಗ್ರಾಂ ದ್ರವ. 37 ವ್ಯಾಟಿಗೆ 11 ಗ್ರಾಂ.

ಖರ್ಚು: 300 ಮೈಕ್ರಾನಿನ ಗಟ್ಟಿ ಹರಳು ಅಂದಾಜು 10 ಮೈಕ್ರೋಗ್ರಾಂ. ಕೆಳಮೋಡ 400 ಮೀಟರ್ ದಪ್ಪ, ದಾಟೋಕೆ 13 ನಿಮಿಷ. −15 ಅಂದ್ರೆ ಹೂವಿನಾಕಾರದ ಬೆಳವಣಿಗೆಗೆ ಹೇಳಿಮಾಡಿಸಿದ ತಾಪ. ಅಷ್ಟು ಹೊತ್ತಲ್ಲಿ ಒಂದೊಂದೂ ಇನ್ನೊಂದು 20 ಮೈಕ್ರೋಗ್ರಾಂ ಹೀರಿತು ಅಂತ ಹಿಡಿಯಿರಿ. ಲೀಟರಿಗೆ 1 ಹರಳು ಅಂದ್ರೆ ಘನ ಮೀಟರಿಗೆ 1000. ಅದಕ್ಕೆ 20 ಮೈಕ್ರೋಗ್ರಾಂ, ವೇಗ 0.5, ಗುಣಿಸಿದ್ರೆ ಗಂಟೆಗೆ 36 ಗ್ರಾಂ ಖಾಲಿ.

27 ಬಂದು 36 ಹೋದ್ರೆ 9ರ ಕೊರತೆ. ಇದ್ದ 50 ಗ್ರಾಂ ಐದೂವರೆ ಗಂಟೆಗೆ ಮುಗೀತು. ನಿಮ್ಮ ರನ್ ಇದನ್ನೇ ತೋರಿಸಿದ್ದು. ಈಗ ಮೇಲ್ಮೋಡವನ್ನ ವಿಕಿರಣಕ್ಕೂ ತೋರಿಸಿ: 11 ಬರುತ್ತೆ, 36 ಹೋಗುತ್ತೆ, ಎರಡು ಗಂಟೆಗೆ ಎಲ್ಲ ಮುಗೀತು.

ಅಂದ್ರೆ ಮೇಲ್ಮೋಡ ಎರಡು ಕೈಯಿಂದ ಹೊಡೆಯುತ್ತೆ. ಒಂದು ಕೈ ಹರಳು ಸುರಿಯುತ್ತೆ, ಇನ್ನೊಂದು ಕೈ ತಾಳಿಕೊಳ್ಳೋ ಶಕ್ತಿ ಕಿತ್ತುಕೊಳ್ಳುತ್ತೆ. ಶುಭ್ರ ಆಕಾಶದಡಿ ಈ ಕೆಳಮೋಡ ಲೀಟರಿಗೆ 0.75 ಹರಳಿನವರೆಗೆ ತಡೀತಿತ್ತು. ಹೊದಿಕೆ ಬಂದ ಮೇಲೆ 0.3ಕ್ಕೇ ಸುಸ್ತು.

#19 ಗಾಳಿಪಟ

ಲೆಕ್ಕ ಚಂದ ಇದೆ, ಆದ್ರೆ ಇದು ಕಿರಾಣಿ ಅಂಗಡಿ ಲೆಕ್ಕ. ನಿಮ್ಮ ಆದಾಯದಲ್ಲಿ ನೆತ್ತಿಯಿಂದ ಒಳಗೆಳೆಯೋ ಬೆಚ್ಚಗಿನ ಗಾಳಿ ಇಲ್ಲ. ಇನ್ವರ್ಷನ್ (ಮೇಲೆ ಹೋದಂತೆ ಬೆಚ್ಚಗಾಗೋ ಪದರ) ಗಾಳಿ ಒಳಗೆ ಬಂದ್ರೆ ತಂಪಾಗಿದ್ದರಲ್ಲಿ ಒಂದಷ್ಟು ಅಲ್ಲೇ ಹೋಯ್ತು. 27 ಅನ್ನೋದು ಬೆಸ್ಟ್ ಕೇಸ್.

ಎರಡನೇದು, ತಂಪು ಕಮ್ಮಿಯಾದ್ರೆ ಕಲಕಾಟವೂ ಕಮ್ಮಿ. ಮೇಲೇರುವ ಗಾಳಿ ಬಲವಾಗಿದ್ದಾಗ ಹನಿ, ಹರಳು ಎರಡೂ ಒಟ್ಟಿಗೆ ಬೆಳೀತವೆ. ಬಲ ಕುಗ್ಗಿದಾಗಲೇ ಹರಳು ಹನಿಯನ್ನ ತಿನ್ನೋಕೆ ಶುರು ಮಾಡೋದು, ಮೋಡ ವಿಜ್ಞಾನಿ ಕೊರೊಲೆವ್ ತೋರಿಸಿದ್ದು ಇದನ್ನೇ. ಜೊತೆಗೆ ಹರಳನ್ನ ಮೇಲಕ್ಕೆತ್ತಿ ಆಡಿಸೋ ಗಾಳಿ ಇಲ್ಲದಿದ್ರೆ ಅದು ಬೇಗ ಬಿದ್ದುಹೋಗುತ್ತೆ, 13 ನಿಮಿಷಕ್ಕಿಂತ ಹೆಚ್ಚು ನಿಲ್ಲಲ್ಲ. ಇವೆಲ್ಲ ಒಂದೇ ದಿಕ್ಕಿಗೆ ಹೋಗಲ್ಲ. ನಿಮ್ಮ 0.3 ಅನ್ನೋದನ್ನ ಕಲ್ಲಿನ ಮೇಲೆ ಕೆತ್ತಬೇಡಿ.

#20 ಹರಳುಲೆಕ್ಕ

ಕೆತ್ತಲ್ಲ. ಆದರೆ ಒಳಗೆಳೆದ ಗಾಳಿ ಯಾವಾಗಲೂ ನಷ್ಟ ಅನ್ನೋದು ಉಷ್ಣವಲಯದ ಸಮುದ್ರದ ಮೋಡ ನೋಡಿದವರ ಅಭ್ಯಾಸ. ಆರ್ಕ್‌ಟಿಕ್‌ನಲ್ಲಿ ಮೋಡದ ನೆತ್ತಿಯ ಮೇಲೆ ಆವಿಯ ಪ್ರಮಾಣವೇ ಜಾಸ್ತಿ ಇರೋದು ಮಾಮೂಲು. ಅಲ್ಲಿಂದ ಗಾಳಿ ಒಳಗೆ ಬಂದ್ರೆ ಮೋಡ ಒಣಗಲ್ಲ, ತೇವ ಆಗುತ್ತೆ. ಕೆಳಗಿನ ಮಂಜುಗಡ್ಡೆಯಿಂದ ಮೋಡ ಬೇರ್ಪಟ್ಟಿದ್ದಾಗ ಅದೇ ಮುಖ್ಯ ಆವಿ ಮೂಲ.

#21 ಗಾಳಿಪಟ

ಅದನ್ನ ಒಪ್ಪಿದೆ. ಆದ್ರೂ ಒಂದು ದೊಡ್ಡ ತೂತು ಉಳಿದಿದೆ: ವೀಕ್ಷಣೆಯಲ್ಲಿ ಜೋಡಿ ಮೋಡ ಅರ್ಧ ದಿನ ಬದುಕುತ್ತಲ್ಲ? ನಿಮ್ಮ ಲೆಕ್ಕದ ಪ್ರಕಾರ ಎರಡು ಗಂಟೆ.

#22 ಅವಗೆಂಪು

ಯಾಕಂದ್ರೆ ಲೀಟರಿಗೆ 1 ಹರಳು ಅನ್ನೋ ಸುರಿತ ಸುಳ್ಳು. ಮೇಲ್ಮೋಡ ಅಕ್ಷಯಪಾತ್ರೆ ಅಲ್ಲ. ಅದರ ಆದಾಯವನ್ನೂ ಅದೇ ಥರ ಹಾಕಿ: −25ರಲ್ಲಿ ಗಾಳಿಯಲ್ಲಿ ಆವಿಯೇ ಕಮ್ಮಿ, ಹಾಗಾಗಿ ಸಾಂದ್ರೀಕರಣದ ಪಾಲು 21 ಅಲ್ಲ, 12–13%. ನೆತ್ತಿಯಿಂದ 80 ವ್ಯಾಟ್ ಹೋದ್ರೂ ಗಂಟೆಗೆ 14–15 ಗ್ರಾಂ ದ್ರವ, ಅಷ್ಟೇ. ನೀವು ಮೇಲಂಚಿನಲ್ಲಿ ಬಿಟ್ಟದ್ದು ಲೀಟರಿಗೆ 1, ತಲಾ 10 ಮೈಕ್ರೋಗ್ರಾಂ, ವೇಗ 0.5. ಅದು ಗಂಟೆಗೆ 18 ಗ್ರಾಂ. ಮೇಲ್ಮೋಡ ದುಡಿಯೋದಕ್ಕಿಂತ ಹೆಚ್ಚನ್ನ ಗಂಟೆಗಟ್ಟಲೆ ಕೊಡೋಕೆ ಹೇಗೆ ಸಾಧ್ಯ? ಕೊಟ್ರೆ ಅದೇ ಮೊದಲು ಸಾಯುತ್ತೆ. ಅದು ಸತ್ತರೆ ಬಿತ್ತನೆಯೂ ನಿಂತಿತು, ಹೊದಿಕೆಯೂ ಹೋಯಿತು, ಕೆಳಮೋಡ ಮತ್ತೆ ತಲೆ ಎತ್ತಿತು.

ದಾರಿಯಲ್ಲಿ ಸಣ್ಣವು ಆರಿಹೋಗಿ, ಬರೋದು ಲೀಟರಿಗೆ 0.2 ಅಂತಾದ್ರೆ ಖರ್ಚು ಗಂಟೆಗೆ 7 ಗ್ರಾಂ. 11ರ ಆದಾಯದಲ್ಲಿ ಕೆಳಮೋಡ ತೆಳ್ಳಗಾದ್ರೂ ಉಸಿರಾಡುತ್ತೆ. ವೀಕ್ಷಣೆಯಲ್ಲಿ ಕಾಣೋದು ಇದೇ ಇರಬೇಕು.

#23 ಸುಮ್ನೆ_ಓದ್ತೀನಿ

ಓಝೋನ್ ರಂಧ್ರಕ್ಕೆ ಕಾರಣ ಆಗೋದೂ ಈ ಧ್ರುವದ ಮೋಡಗಳೇ ಅಲ್ವಾ?

#24 ಬಲೂನ್‌ಬಾಬು

ಅಲ್ಲ. ಅವು ವಾಯುಮಂಡಲದ ಇನ್ನೊಂದು ಮಹಡಿಯವು, 15ರಿಂದ 25 ಕಿ.ಮೀ. ಎತ್ತರ, −78ಕ್ಕಿಂತ ತಣ್ಣಗೆ. ಅಲ್ಲಿ ದ್ರವ ನೀರಿನ ಮಾತೇ ಇಲ್ಲ, ಶುದ್ಧ ನೀರಿನ ಹನಿ −38ರ ಹೊತ್ತಿಗೆ ತಾನಾಗಿಯೇ ಹೆಪ್ಪುಗಟ್ಟುತ್ತೆ. ಇಲ್ಲಿ ಮಾತಾಡ್ತಿರೋದು ಕೆಳಗಿನ ಎರಡು ಮೂರು ಕಿ.ಮೀ. ಬಗ್ಗೆ.

#25 ರೇಡಾರ್‌ಕಣ್ಣು

ನಾನು ಕೇಳೋದು ಬೇರೆ. ಮೇಲ್ಮೋಡದಲ್ಲಿ ದ್ರವ ಇದೆ ಅಂತ ಹೇಗೆ ಗೊತ್ತು? ನೆಲದಿಂದ ನೋಡಿದ್ರೆ ಗೊತ್ತಾಗಬಾರದು.

ಲಿಡಾರ್ (ಲೇಸರ್ ರೇಡಾರ್) ಕಿರಣ ಆಪ್ಟಿಕಲ್ ದಪ್ಪ (ಬೆಳಕನ್ನ ಮೋಡ ಎಷ್ಟು ತಡೆಯುತ್ತೆ ಅನ್ನೋ ಅಳತೆ) 3ರ ಹೊತ್ತಿಗೆ ಸಾಯುತ್ತೆ. ನಿಮ್ಮ ಕೆಳಮೋಡ 50 ಗ್ರಾಂ, ಹನಿಯ ತ್ರಿಜ್ಯ 8 ಮೈಕ್ರಾನ್ ಅಂದ್ರೆ ದಪ್ಪ 9 ದಾಟಿತು. ಅರ್ಧ ಕೆಳಮೋಡದಲ್ಲೇ ಲಿಡಾರ್ ಕುರುಡು. 35 ಅಥವಾ 94 ಗಿಗಾಹರ್ಟ್ಸ್ ರೇಡಾರ್ ತೂರಿಕೊಂಡು ಹೋಗುತ್ತೆ, ಆದರೆ ಅದರ ಪ್ರತಿಧ್ವನಿ ವ್ಯಾಸದ ಆರನೇ ಘಾತಕ್ಕೆ ಏರುತ್ತೆ. ನಾಲ್ಕು ಹರಳು ಇದ್ರೆ ಸಾವಿರಾರು ಹನಿ ಕಾಣಲ್ಲ. ಮೈಕ್ರೋವೇವ್ ರೇಡಿಯೋಮೀಟರ್ ಕೊಡೋದು ಎರಡೂ ಮೋಡದ ಒಟ್ಟು ದ್ರವ, ಅದೂ 23.8 ಮತ್ತು 31.4 ಗಿಗಾಹರ್ಟ್ಸ್ ಎರಡೇ ಚಾನೆಲ್ ಇದ್ರೆ 20–30 ಗ್ರಾಂ ತಪ್ಪಿನೊಂದಿಗೆ. @ಅವಗೆಂಪು ಅವರ ಇಡೀ ಹೊದಿಕೆ ಆ ತಪ್ಪಿನೊಳಗೇ ಅಡಗಿ ಕೂರುತ್ತೆ.

ಇನ್ನು ವರ್ಗೀಕರಣದ ಕೋಡುಗಳು. ಲಿಡಾರ್ ಸತ್ತ ಎತ್ತರದ ಮೇಲೆ, ಸೊನ್ನೆಗಿಂತ ಕೆಳಗೆ, ರೇಡಾರ್ ಪ್ರತಿಧ್ವನಿ ಸಿಕ್ಕಿದ್ದೆಲ್ಲಾ ಹಿಮ ಅಂತ ಹಳದಿ ಬಳಿದುಬಿಡ್ತವೆ. ಚಿತ್ರದಲ್ಲಿ ಮೇಲ್ಮೋಡ ಪೂರಾ ಹಿಮ ಅಂತ ಇದ್ರೆ ಅದು ವೀಕ್ಷಣೆ ಅಲ್ಲ, ಡೀಫಾಲ್ಟ್.

#26 ಬಲೂನ್‌ಬಾಬು

@ರೇಡಾರ್‌ಕಣ್ಣು ಬಲೂನಿನಲ್ಲಿ ಆ ಎತ್ತರಕ್ಕೆ ನೀರಿನ ಲೆಕ್ಕದ ಆರ್ದ್ರತೆ 98–100 ಮುಟ್ಟಿದ್ರೆ, ಅದರ ನೆತ್ತಿಯಲ್ಲೇ ಇನ್ವರ್ಷನ್ ಕೂತಿದ್ರೆ ದ್ರವ ಇದೆ ಅಂತ ಧೈರ್ಯವಾಗಿ ಹೇಳಬಹುದು. ಬರೀ ಹಿಮದ ಮೋಡ ಆರ್ದ್ರತೆಯನ್ನ ಹಿಮ ಸಂತೃಪ್ತಿಯ ಹತ್ತಿರಕ್ಕೆ ಇಳಿಸಿರುತ್ತೆ, −25ಕ್ಕೆ 78–80ರ ಆಸುಪಾಸು.

#27 ರೇಡಾರ್‌ಕಣ್ಣು

ಒಪ್ಪಿದೆ, ಆದ್ರೆ ಅದು ಸ್ಟೇಷನ್ ಹಾರಿಸೋ ದಿನಕ್ಕೆ ಎರಡು ಬಲೂನು. ಮೊಸಾಯಿಕ್ ಅಭಿಯಾನದಲ್ಲಿ, 2019–20ರಲ್ಲಿ, ಪೋಲಾರ್‌ಸ್ಟರ್ನ್ ಹಡಗಿನಿಂದ 6 ಗಂಟೆಗೊಂದು ಹಾರಿಸಿದ್ರು, ಅಂಥ ದತ್ತಾಂಶ ಬೇಕು. ಮಧ್ಯದ ಹೊತ್ತಿಗೆ ರೇಡಾರಿನ ಡಾಪ್ಲರ್ ಸ್ಪೆಕ್ಟ್ರಮ್ (ಯಾವ ವೇಗಕ್ಕೆ ಎಷ್ಟು ಪ್ರತಿಧ್ವನಿ) ನೋಡಿ: ಹನಿ ಸೊನ್ನೆ ವೇಗದ ಹತ್ತಿರ ಸಣ್ಣ ಉಬ್ಬು, ಹರಳು 0.5–1 ಮೀಟರಿಗೆ ದೊಡ್ಡ ಗುಡ್ಡ. ಎರಡು ಗುಡ್ಡ ಬೇರೆಯಾಗಿ ಕಂಡ್ರೆ ದ್ರವ ಇದೆ. ಕಲಕಾಟ ಜಾಸ್ತಿ ಇದ್ರೆ ಎರಡೂ ಕೂಡಿಕೊಂಡು ಒಂದೇ ದಿಬ್ಬ, ಆಗ ಏನೂ ಹೇಳೋಕಾಗಲ್ಲ.

ಉಪಗ್ರಹದ ಲಿಡಾರ್ ಮೇಲಿಂದ ನೋಡುತ್ತೆ, ಮೇಲ್ಮೋಡದ ದ್ರವ ಚೆನ್ನಾಗಿ ಹಿಡಿಯುತ್ತೆ, ಕೆಳಮೋಡ ಕಳಕೊಳ್ಳುತ್ತೆ. ಕ್ಲೌಡ್‌ಸ್ಯಾಟ್ (2023ರವರೆಗೆ ಕೆಲಸ ಮಾಡಿದ ಉಪಗ್ರಹ) ರೇಡಾರಿಗೆ ನೆಲದ ಪ್ರತಿಧ್ವನಿಯಿಂದಾಗಿ ಕೆಳಗಿನ 1 ಕಿ.ಮೀ. ಹತ್ತಿರಹತ್ತಿರ ಕತ್ತಲೆಯಾಗಿತ್ತು, ಅಂದ್ರೆ ನಿಮ್ಮ ಕೆಳಮೋಡ ಪೂರ್ತಿ ಆ ಕತ್ತಲೆಯೊಳಗೆ. 2024ರ ಮೇನಲ್ಲಿ ಹಾರಿದ ಅರ್ಥ್‌ಕೇರ್ ಡಾಪ್ಲರ್ ಕೂಡ ಕೊಡುತ್ತೆ, ಅದು ವಾಸಿ.

#28 ಕೊನೆಬೆಂಚು

ರೇಡಾರಿನಲ್ಲಿ ಮೇಲಿಂದ ಕೆಳಗಿನವರೆಗೆ ಪ್ರತಿಧ್ವನಿ ಒಂದೇ ಎಳೆಯಾಗಿ ಕಂಡ್ರೆ ಬಿತ್ತನೆ ಆಯ್ತು ಅಂತ ತಾನೆ? ಅಷ್ಟು ಸಾಕಲ್ವಾ?

#29 ರೇಡಾರ್‌ಕಣ್ಣು

ಸಾಲದು. ಹರಳು ನೇರ ಕೆಳಗೆ ಬೀಳಲ್ಲ. 47 ನಿಮಿಷ ಇಳಿಯುತ್ತೆ ಅಂದ್ರಲ್ಲ, ಮೇಲಿನ ಗಾಳಿಗೂ ಕೆಳಗಿನದಕ್ಕೂ ಸೆಕೆಂಡಿಗೆ 5 ಮೀಟರ್ ವ್ಯತ್ಯಾಸ ಇದ್ರೆ ಸರಾಸರಿ ಅದರರ್ಧ ಹಿಡಿದ್ರೂ 7 ಕಿ.ಮೀ. ಓರೆ. ನಿಮ್ಮ ತಲೆಯ ಮೇಲಿನ ಕೆಳಮೋಡಕ್ಕೆ ಬಿದ್ದದ್ದು ಈಗ ಕಾಣ್ತಿರೋ ಮೇಲ್ಮೋಡದ್ದಲ್ಲ, ಮುಂಚೆ ಎಲ್ಲೋ ದೂರ ಇದ್ದದ್ದರದ್ದು. ಸಮಯ–ಎತ್ತರದ ಚಿತ್ರದಲ್ಲಿ ಬಾಲದ ಹಾಗೆ ಓರೆಯಾದ ಗೆರೆಗಳು ಕಾಣ್ತವಲ್ಲ, ಆ ಗೆರೆ ಹಿಡಿದೇ ಇಳಿಯಬೇಕು. ಲಂಬವಾಗಿ ಗೀಟು ಎಳೆದು ಮೇಲಿನ ಹಿಮವನ್ನ ಕೆಳಗಿನದಕ್ಕೆ ಹೋಲಿಸೋದು ಬಹಳ ಜನ ಮಾಡೋ ತಪ್ಪು.

ಇನ್ನೊಂದು, ಪ್ರತಿಧ್ವನಿ ಕೆಳಮೋಡದ ನೆತ್ತಿ ದಾಟಿದ ಮೇಲೆ ಇದ್ದಕ್ಕಿದ್ದಂತೆ ಜಾಸ್ತಿಯಾದ್ರೆ ಬಿತ್ತಿದ ಹರಳು ಬೆಳೀತಿದೆ ಅಂತ. ಜಾಸ್ತಿಯಾಗದೆ ಹಾಗೇ ಹೋದ್ರೆ ಅಲ್ಲಿ ದ್ರವ ಆಗಲೇ ಮುಗಿದಿದೆ ಅಂತ ಅನುಮಾನ ಪಡಿ.

#30 ಗಾಳಿಪಟ

ಬಿತ್ತನೆ ಬಿತ್ತನೆ ಅಂತ ಎಲ್ಲರೂ ಬರೀತಿದ್ದೀರಿ. ಓದಿದವರು ವಿಮಾನದಿಂದ ಸಿಲ್ವರ್ ಅಯೊಡೈಡ್ ಚೆಲ್ಲೋದು ಅಂದ್ಕೋತಾರೆ. ಬೇರೆ ಪದ ಇಲ್ವಾ?

#31 ಕೊನೆಬೆಂಚು

"ಮೇಲಿನವರ ಕೃಪೆ".

#32 ಹರಳುಲೆಕ್ಕ

ಬಿತ್ತನೆಯೇ ಇರಲಿ. ಕೆಲಸ ಒಂದೇ, ಬಿತ್ತೋ ಕೈ ಬೇರೆ.

ಬೀಜದ ಮಾತು ಬಂದದ್ದಕ್ಕೆ: ಖಾಲಿಯಲ್ಲಿ ಆರಿಹೋದ ಹರಳು ವ್ಯರ್ಥ ಅಂದ್ಕೋಬೇಡಿ. ಅದರೊಳಗಿನ ಹಿಮಬೀಜ ಕಣ ಗಾಳಿಯಲ್ಲೇ ಉಳಿಯುತ್ತೆ. ಕೆಳಮೋಡ ಮೇಲಕ್ಕೆ ಬೆಳೆದು ಆ ಗಾಳಿ ಒಳಗೆಳೆದಾಗ ಅದೇ ಕಣ ಮತ್ತೆ ಹರಳು ಕಟ್ಟಬಹುದು. ಕೆಳಮೋಡದ ಅಡಿಯಲ್ಲಿ ಆರಿದ ಹರಳಿನ ಕಣವೂ ಮೇಲೇರೋ ಗಾಳಿಯ ಜೊತೆ ವಾಪಸ್ ಬರುತ್ತೆ. ಮಾಡೆಲಿನಲ್ಲಿ ಹರಳು ಆರಿದ ತಕ್ಷಣ ಕಣವನ್ನೂ ಅಳಿಸಿಹಾಕಿದ್ರೆ ಈ ಮರುಬಳಕೆ ಮಾಯ. @ಮಂಜುಹನಿ ನಿಮ್ಮ ಸ್ಕೀಮಿನಲ್ಲಿ ಕಣಗಳ ಲೆಕ್ಕ ಇಡುತ್ತಾ?

#33 ಮಂಜುಹನಿ

ಇಲ್ಲ, ಹರಳಿನ ಸಂಖ್ಯೆ ಹಿಡಿದಿಟ್ಟಿರೋ ಸ್ಕೀಮು. ಇಸ್ಡ್ಯಾಕ್ ಅಭಿಯಾನದ ಮಾಡೆಲ್ ಹೋಲಿಕೆಯಲ್ಲಿ ಲೀಟರಿಗೆ 0, 1, 4 ಅಂತ ಇಟ್ಟಿದ್ರಲ್ಲ, ಅದೇ ಥರ.

ಇನ್ನೊಂದು ಪ್ರಶ್ನೆ, ಹರಳು ಒಡೆದು ಮರಿ ಹಾಕೋದನ್ನ ಸೇರಿಸಬೇಕಾ? ಹ್ಯಾಲೆಟ್–ಮಾಸಪ್ (ಹನಿ ಹರಳಿಗೆ ಬಡಿದು ಹೆಪ್ಪುಗಟ್ಟುವಾಗ ಹಿಮದ ಚೂರು ಹಾರೋದು)?

#34 ಹರಳುಲೆಕ್ಕ

ಹ್ಯಾಲೆಟ್–ಮಾಸಪ್ −3ರಿಂದ −8ರ ಕಿಂಡಿ. ನಿಮ್ಮ ಮೋಡ −15. ಅದನ್ನ ಆನ್ ಮಾಡಿದ್ರೂ ಒಂದೇ, ಆಫ್ ಮಾಡಿದ್ರೂ ಒಂದೇ. ಬೇಸಿಗೆಯ ಆರ್ಕ್‌ಟಿಕ್ ಅಥವಾ ದಕ್ಷಿಣ ಸಾಗರದ ಬೆಚ್ಚಗಿನ ಮೋಡಕ್ಕೆ ಬೇಕಾದೀತು. ಇಲ್ಲಿ ಪ್ರಶ್ನೆ ಬರೋದು ಹೂಹರಳುಗಳು ಡಿಕ್ಕಿ ಹೊಡೆದು ರೆಕ್ಕೆ ಮುರಿದುಕೊಳ್ಳೋದರದ್ದು. ಮೇಲಿಂದ ಬಂದ ದಪ್ಪ ಹರಳು, ಕೆಳಗೆ ಬೆಳೆದ ಸೂಕ್ಷ್ಮ ಹೂವು, ವೇಗ ಬೇರೆ ಬೇರೆ. ಡಿಕ್ಕಿಗೆ ಒಳ್ಳೇ ಜೋಡಿ. ಆದ್ರೆ ಮೊದಲು ಅದಿಲ್ಲದೆ ಓಡಿಸಿ, ಒಂದೇ ಸಲ ಎಲ್ಲ ಗುಂಡಿ ಒತ್ತಬೇಡಿ.

#35 ಅವಗೆಂಪು

ಮಾಡೆಲುಗಳು ಎರಡಂತಸ್ತಿನ ಮೋಡದಲ್ಲಿ ಬೇರೆ ಥರವೇ ಎಡವುತ್ತವೆ ಅನ್ನೋದಕ್ಕೆ ಹಳೇ ಸಾಕ್ಷಿ ಇದೆ. 2004ರ ಶರತ್ಕಾಲದಲ್ಲಿ ಅಲಾಸ್ಕಾದ ಉತ್ತರ ತೀರದಲ್ಲಿ ಎಂ-ಪೇಸ್ ಅಭಿಯಾನ ನಡೆಯಿತು. ಅದರ ಒಂಟಿ ಮೋಡದ ಕೇಸಿಗೆ 17 ಏಕಸ್ತಂಭ ಮಾಡೆಲು (ಗಾಳಿಯ ಒಂದೇ ಕಂಬದ ಲೆಕ್ಕ), 9 ಮೋಡ ಬಿಡಿಸಿ ತೋರಿಸುವ ಮಾಡೆಲು ಓಡಿಸಿದ್ರು. ದ್ರವ ಬಹುತೇಕ ಕಮ್ಮಿ, ನಡುವಿನ ಮಾಡೆಲು ತೋರಿಸಿದ್ದು ಅಳೆದದ್ದರ ಮೂರನೇ ಒಂದು ಭಾಗ. ಅದೇ ಅಭಿಯಾನದ ಬಹುಪದರದ ಕೇಸಿಗೆ ಬಂದಾಗ ತಿರುಗುಮುರುಗು: ದ್ರವ ಜಾಸ್ತಿ, ಹಿಮ ತೀರಾ ಕಮ್ಮಿ.

ನನ್ನ ಅಭಿಪ್ರಾಯ, ಪದರಗಳ ನಡುವಿನ ವ್ಯವಹಾರ ಸರಿಯಾಗಿ ಹಿಡಿಯದ ಲಕ್ಷಣ ಇದು. ಒಂಟಿ ಮೋಡಕ್ಕೆ ಟ್ಯೂನ್ ಮಾಡಿ ದ್ರವ ಏರಿಸಿದ್ರೆ ಜೋಡಿ ಮೋಡ ಇನ್ನೂ ಹಾಳಾಗುತ್ತೆ.

#36 ಗಾಳಿಪಟ

ನಿಮ್ಮ ಅಭಿಪ್ರಾಯ ಅಂತ ಬರೆದದ್ದು ಒಳ್ಳೇದಾಯ್ತು. ಎರಡು ಕೇಸಿನ ಹವೆಯೂ ಬೇರೆ, ಒಂದು ಮಂಜುಗಡ್ಡೆ ಕಡೆಯಿಂದ ತೆರೆದ ಸಮುದ್ರಕ್ಕೆ ಬೀಸಿದ ತಣ್ಣನೆ ಗಾಳಿ. ಆ ಕೇಸಿನಲ್ಲಿ ಸಮುದ್ರವೇ ಆವಿ ಪಂಪ್ ಮಾಡ್ತಿತ್ತು. ಎಲ್ಲಾನೂ ಪದರದ ತಲೆಗೆ ಕಟ್ಟಬೇಡಿ.

#37 ಸುಮ್ನೆ_ಓದ್ತೀನಿ

ಇಷ್ಟೆಲ್ಲಾ 20–30 ಗ್ರಾಂ ನೀರಿಗೆ ಹೊಡೆದಾಡೋದು ಯಾಕೆ ಅಂತ ಕೇಳಬಹುದಾ?

#38 ಅವಗೆಂಪು

ಕೇಳಿ. 1997–98ರಲ್ಲಿ ಬ್ಯೂಫೋರ್ಟ್ ಸಮುದ್ರದ ಮಂಜುಗಡ್ಡೆಯಲ್ಲಿ ಹಡಗು ಹೂತು ಷೀಬಾ ಅಭಿಯಾನ ಮಾಡಿದಾಗ, ಚಳಿಗಾಲದ ನೆಲಮಟ್ಟದ ಶಾಖ ವಿಕಿರಣ ಎರಡೇ ಸ್ಥಿತಿಯಲ್ಲಿ ನಿಲ್ಲುತ್ತೆ ಅಂತ ಕಂಡಿತು. ಶುಭ್ರವಾಗಿದ್ರೆ ನಿವ್ವಳ ನಷ್ಟ ಸುಮಾರು 40 ವ್ಯಾಟ್, ದ್ರವ ಮೋಡವಿದ್ರೆ ಸೊನ್ನೆಯ ಹತ್ತಿರ. ನಡುವೆ ಹೆಚ್ಚು ಹೊತ್ತು ನಿಲ್ಲೋದೇ ಇಲ್ಲ. ಕೆಳಮೋಡ ಇದೆಯೋ ಇಲ್ಲವೋ ಅನ್ನೋದೇ ಆ ಸ್ವಿಚ್ಚು. 2012ರ ಜುಲೈಯಲ್ಲಿ ಗ್ರೀನ್‌ಲ್ಯಾಂಡಿನ ಹಿಮಹಾಸಿನ ಮೇಲ್ಮೈ ಬಹುತೇಕ ಎಲ್ಲ ಕಡೆ ಕರಗಿತಲ್ಲ, ಆಗಲೂ ನೆತ್ತಿಯ ಸ್ಟೇಷನ್ನಿನ ಮೇಲೆ ಇದ್ದದ್ದು ತೆಳು ದ್ರವ ಮೋಡ. ಚದರ ಮೀಟರಿಗೆ 10ರಿಂದ 40 ಗ್ರಾಂ ಇದ್ದಾಗ ಬಿಸಿಲೂ ಒಳಗೆ ಬರುತ್ತೆ, ಶಾಖವೂ ಹೊರಗೆ ಹೋಗಲ್ಲ.

#39 ಹರಳುಲೆಕ್ಕ

ಒಂದು ಬಾಕಿ ಉಳಿದಿತ್ತು: ನಡುವಿನ ಖಾಲಿ ಹಾಗೇ ಖಾಲಿ ಇರಲ್ಲ. −20ರಲ್ಲಿ 95%ನಿಂದ 100%ಗೆ ಏರಿಸೋಕೆ ಕಿಲೋಗೆ 0.04 ಗ್ರಾಂ ಆವಿ ಸಾಕು. 1400 ಮೀಟರ್ ದಪ್ಪದಲ್ಲಿ ಚದರ ಮೀಟರಿಗೆ 1580 ಕಿಲೋ ಗಾಳಿ, ಒಟ್ಟು 65 ಗ್ರಾಂ. ಮೇಲ್ಮೋಡ ಗಂಟೆಗೆ 14 ಗ್ರಾಂ ಉದುರಿಸಿ ಅದರರ್ಧ ದಾರಿಯಲ್ಲಿ ಆರಿದ್ರೆ 9 ಗಂಟೆಗೆ ದಾರಿ ತೇವವಾಯ್ತು. ಆರುವಾಗ ಗಾಳಿ ತಣ್ಣಗಾಗೋದು ಬರೀ 0.1 ಡಿಗ್ರಿ, ಆದ್ರೆ ಅದೂ ಆರ್ದ್ರತೆಯನ್ನ ಒಂದು ಅಂಕ ಎತ್ತುತ್ತೆ. ಆಮೇಲೆ ಬರೋ ಹರಳು ನಷ್ಟವಿಲ್ಲದೆ ಇಳಿಯುತ್ತೆ. ಮೊದಲ ಅರ್ಧ ದಿನ ಕೆಳಮೋಡ ಬದುಕಿ ಆಮೇಲೆ ದಿಢೀರ್ ಅಂತ ಹಿಮವಾಗೋದಕ್ಕೆ ಇದೂ ಒಂದು ಕಾರಣ ಇರಬಹುದು. ಪಕ್ಕದಿಂದ ಒಣಗಾಳಿ ಬರ್ತಾ ಇದ್ರೆ ಮಾತ್ರ ಈ ಲೆಕ್ಕ ಕೆಡುತ್ತೆ.

#40 ಮಂಜುಹನಿ

ಸರಿ, ಡೊಮೈನ್ 3200 ಮೀಟರಿಗೆ ಏರಿಸಿ ಎರಡೂ ಮೋಡ ಒಳಗೆ ಹಾಕ್ತೀನಿ, ಹರಳು ಕೈಯಿಂದ ಬಿಡಲ್ಲ. ಲಂಬ ಅಂತರ 10 ಮೀಟರ್ ಇಡೀ ಡೊಮೈನಿಗೆ ಕೊಟ್ರೆ ತುಂಬಾ ದುಬಾರಿ. ಖಾಲಿಯಲ್ಲಿ 40 ಮೀಟರ್ ಮಾಡಬಹುದಾ?

#41 ಅವಗೆಂಪು

ಖಾಲಿಯ ನಡುಭಾಗಕ್ಕೆ ಮಾಡಿ. ಎರಡು ನೆತ್ತಿಯ ಮೇಲೂ ಕೆಳಗೂ 200 ಮೀಟರ್ 10ರಲ್ಲೇ ಇರಲಿ, ಅಳತೆ ನಿಧಾನವಾಗಿ ಹಿಗ್ಗಲಿ. ನಾಲ್ಕು ರನ್ ಮಾಡಿ: ಎರಡೂ ಪರಿಣಾಮ ಇರೋದು, ವಿಕಿರಣಕ್ಕೆ ಮೇಲ್ಮೋಡ ಮುಚ್ಚಿಟ್ಟದ್ದು, ಮೇಲ್ಮೋಡದ ಹರಳನ್ನ ಖಾಲಿಯ ಮಧ್ಯದಲ್ಲೇ ಅಳಿಸಿದ್ದು, ಎರಡೂ ಇಲ್ಲದ್ದು. ಆಗ ಯಾವ ಕೈ ಎಷ್ಟು ಹೊಡೀತು ಅಂತ ಬೇರೆಬೇರೆಯಾಗಿ ಸಿಗುತ್ತೆ.

#42 ಹರಳುಲೆಕ್ಕ

ಮೂರನೇ ರನ್‌ನಲ್ಲಿ ಹರಳು ಅಳಿಸುವಾಗ ಅದರ ನೀರನ್ನೂ ಅಳಿಸ್ತೀರೋ, ಆವಿಯಾಗಿ ಅಲ್ಲೇ ಬಿಡ್ತೀರೋ ಮೊದಲೇ ಬರೆದಿಟ್ಟುಕೊಳ್ಳಿ. ಆವಿಯಾಗಿ ಬಿಟ್ರೆ 9 ಗಂಟೆಯ ತೇವದ ಕಥೆ ಹಾಗೇ ಉಳಿಯುತ್ತೆ, ಅಳಿಸಿದ್ರೆ ನೀರಿನ ಒಟ್ಟು ಲೆಕ್ಕ ತಾಳೆಯಾಗಲ್ಲ.

#43 ಬಲೂನ್‌ಬಾಬು

ಆರಂಭದ ಆರ್ದ್ರತೆ ಫೈಲಿನಲ್ಲಿ 78 ಅಂತಲೇ ಹೋಗಲಿ. ಹಿಮದ ಲೆಕ್ಕಕ್ಕೆ ತಿರುಗಿಸಿ 95 ಹಾಕಿ, ಕೋಡು ಅದನ್ನ ನೀರಿನದು ಅಂತ ಓದಿಕೊಂಡ್ರೆ ಖಾಲಿಯಲ್ಲಿ ಮೊದಲ ಹೆಜ್ಜೆಯಲ್ಲೇ ಹಿಮದ ಲೆಕ್ಕದ 115% ಕೂತಿರುತ್ತೆ, ಮೂರನೇ ಮೋಡಕ್ಕೆ ಜಾಗ ಸಿದ್ಧ.